ಗೇಟಿನ ಬರೆಗೆ ನೆಲಕ್ಕೆ ಹರಡುವ ಗುಲಾಬಿ: ನಮ್ಮ ಮಳೆಗೆ ನಿಲ್ಲುತ್ತಾ?

ಗಾಳಿಬೀಡು ಅಂಗಳ · ಮೇ 11

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿ ಹತ್ತಿರದ ಗಾಳಿಬೀಡಿನ ಕಡೆ. ಗೇಟಿನಿಂದ ಅಂಗಳಕ್ಕೆ ಜೀಪು ಬರುವ ದಾರಿಯ ಎಡಕ್ಕೆ ಒಂದು ಬರೆ, ಅಂದರೆ ಮಣ್ಣಿನ ಇಳಿಜಾರು ದಿಬ್ಬ ಇದೆ. ಉದ್ದ ಸುಮಾರು 40 ಅಡಿ, ಎತ್ತರ ನಾಲ್ಕೈದು ಅಡಿ. ಬರೀ ಕೆಮ್ಮಣ್ಣು. ಮಳೆಗಾಲದಲ್ಲಿ ಎದೆಮಟ್ಟ ಕಾಡು, ಬೇಸಿಗೆಯಲ್ಲಿ ಬೋಳು. ವರ್ಷಕ್ಕೆ ಮೂರು ಸಲ ಕಳೆ ಹೊಡೆಸಬೇಕು. ಕಳೆ ಮಿಷನ್ ಹುಡುಗರು ಕಾಫಿ ತೋಟದ ಕೆಲಸ ಬಿಟ್ಟು ನನ್ನ ಬರೆಗೆ ಬರುವುದಿಲ್ಲ. ನಾನೇ ಕತ್ತಿ ಹಿಡಿಯೋಣ ಅಂದರೆ ಮಂಡಿ ಕೇಳುವುದಿಲ್ಲ.

ಹೋದ ವರ್ಷ ಊಟಿಯ ರೋಸ್ ಗಾರ್ಡನ್‌ಗೆ ಹೋಗಿದ್ದೆ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗುಲಾಬಿ. ಆವತ್ತಿನಿಂದ ತಲೆಯಲ್ಲಿ ಒಂದು ಹುಳ ಕೊರೆಯುತ್ತಿದೆ. ನೆಲಕ್ಕೆ ಹರಡುವ ಜಾತಿಯ ಗುಲಾಬಿ ಇದೆಯಂತೆ, ಆರೈಕೆಯೇ ಬೇಡವಂತೆ, ಕಳೆಯನ್ನೂ ಮುಚ್ಚಿ ಹಾಕುತ್ತದಂತೆ. ನಿಜವಾ? ಮುಂಗಾರಿನ ಮೊದಲ ಮಳೆಗೇ ನೆಟ್ಟುಬಿಡೋಣ ಅಂತ ಇದ್ದೇನೆ. ಯಾರಾದರೂ ಬೆಳೆದಿದ್ದೀರಾ?

ಕುಶಾಲನಗರ ಟೆರೇಸ್ · ಮೇ 11

ಧೈರ್ಯವಾಗಿ ನೆಡಿ ಅಕ್ಕ. ನಮ್ಮ ಕಾಂಪೌಂಡ್ ಉದ್ದಕ್ಕೂ ಗುಲಾಬಿ ಬಣ್ಣದ ಬಟನ್ ರೋಸ್ ಹಾಕಿ ಆರು ವರ್ಷ ಆಯಿತು. ಮೊಣಕಾಲೆತ್ತರ ದಾಟಿಲ್ಲ, ಪಕ್ಕಕ್ಕೆ ಹರಡಿಕೊಂಡಿದೆ. ಒಂದು ದಿನವೂ ಔಷಧಿ ಹೊಡೆದಿಲ್ಲ. ವರ್ಷಕ್ಕೊಮ್ಮೆ ಕತ್ತರಿ, ಎರಡು ಬುಟ್ಟಿ ಸಗಣಿ ಗೊಬ್ಬರ, ಅಷ್ಟೇ.

ಸುಂಟಿಕೊಪ್ಪದ ಕಾಫಿಗ · ಮೇ 12

ಕುಶಾಲನಗರದವರ ಮಾತು ಕೇಳಿ ಗಾಳಿಬೀಡಿನಲ್ಲಿ ನೆಟ್ಟರೆ ಕಷ್ಟ ಇದೆ ಅಕ್ಕ. ಬೇಜಾರು ಮಾಡ್ಕೋಬೇಡಿ ಟೆರೇಸ್ ಅವರೇ, ಇದು ನಿಮ್ಮ ತಪ್ಪಲ್ಲ. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿಲಿಮೀಟರ್ ಮಳೆ ದಾಟುತ್ತದೆ. ನಮ್ಮ ತೋಟದ ಲೆಕ್ಕದಲ್ಲಿ 120 ಇಂಚು. ನಿಮ್ಮ ಕಡೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ, ಒಂದು ಗಂಟೆಯ ದಾರಿ, ಆದರೆ ಗುಲಾಬಿಗೆ ಎರಡೂ ಬೇರೆ ದೇಶ.

ಗುಲಾಬಿಗೆ ಮಳೆಗಾಲದಲ್ಲಿ ಬರುವ ದೊಡ್ಡ ರೋಗ ಕಪ್ಪು ಚುಕ್ಕೆ. ಎಲೆ ಏಳು ಗಂಟೆಗೂ ಹೆಚ್ಚು ಹೊತ್ತು ಒದ್ದೆಯಾಗೇ ಇದ್ದರೆ ಆ ಶಿಲೀಂಧ್ರ ಒಳಗೆ ಇಳಿಯುತ್ತದೆ. ಗಾಳಿಬೀಡಿನಲ್ಲಿ ಜುಲೈ ಬಂದರೆ ಎಲೆ ಒಣಗುವುದು ಯಾವಾಗ ಹೇಳಿ? ಬಿದ್ದ ಎಲೆಯಿಂದ ಮಳೆ ಹನಿ ಸಿಡಿದು ಮೇಲಿನ ಎಲೆಗೂ ಹತ್ತುತ್ತದೆ. ನೆಲಕ್ಕೆ ಅಂಟಿಕೊಂಡ ಗಿಡಕ್ಕೆ ಆ ಸಿಡಿತ ಇನ್ನೂ ಹತ್ತಿರ.

ಹಾಗಂತ ಆಗುವುದೇ ಇಲ್ಲ ಅಂತ ಹೇಳುತ್ತಿಲ್ಲ. ನಮ್ಮ ಬಂಗಲೆಯ ಮುಂದೆ 20 ವರ್ಷದಿಂದ ಇದೆ. ಈ ಮಳೆಗೆ ಮಾತ್ರ ನೆಡಬೇಡಿ. ಉಳಿದದ್ದು ರಾತ್ರಿ ಬರೆಯುತ್ತೇನೆ, ಈಗ ಕೆಲಸದವರು ಬಂದರು.

ಕಕ್ಕಡ ಮಳೆ · ಮೇ 12

ಆರೈಕೆ ಬೇಡದ ಗುಲಾಬಿ ನಮ್ಮ ಮನೆಯಲ್ಲೂ ಇದೆ. ಪ್ಲಾಸ್ಟಿಕ್‌ದು. ಟಿವಿ ಮೇಲೆ.

ಅಕ್ಕ, ಬರೆ ಮುಚ್ಚಬೇಕು ಅಷ್ಟೇ ಆದರೆ ಆ ಹಳದಿ ಹೂವಿನ ಸಿಂಗಾಪುರ ಡೈಸಿ ಹಾಕಿಬಿಡಿ. ಒಂದು ಕಡ್ಡಿ ಬಿಸಾಕಿದರೆ ಸಾಕು.

ಗೋಣಿಕೊಪ್ಪ ನರ್ಸರಿ ಹುಡುಗ · ಮೇ 12

ದಯವಿಟ್ಟು ಹಾಕಬೇಡಿ! ಒಂದು ಕಡ್ಡಿ ಬಿಸಾಕಿದರೆ ಸಾಕು ಅನ್ನುವುದೇ ಅದರ ಕಾಯಿಲೆ. ಚರಂಡಿ, ಗದ್ದೆ ಬದು, ತೋಟ, ಎಲ್ಲಾ ಕಡೆ ನುಗ್ಗುತ್ತದೆ. ಆಮೇಲೆ ಕಿತ್ತು ಮುಗಿಸಲು ಆಗುವುದಿಲ್ಲ. ನಾನು ಮಾರುವುದನ್ನೇ ಬಿಟ್ಟಿದ್ದೇನೆ.

ಬೆಂಗಳೂರಲ್ಲಿರೋ ಕೊಡಗಿನವ · ಮೇ 12

ಜಾತಿ ವಿಷಯ ಸ್ವಲ್ಪ ಹೇಳುತ್ತೇನೆ. ಗುಲಾಬಿ ನನ್ನ ಹುಚ್ಚು. ಬೇಜಾರಾದರೆ ಬಿಟ್ಟು ಮುಂದೆ ಓದಿ.

ನೆಲಕ್ಕೆ ಹರಡುವ ಗುಲಾಬಿಗಳಲ್ಲಿ ಬಹಳಷ್ಟರ ಹಿಂದೆ ಇರುವುದು ವಿಚುರಾನಾ ಅನ್ನುವ ಕಾಡು ಗುಲಾಬಿ. ಜಪಾನ್, ಚೀನಾ, ಕೊರಿಯಾ ಕಡೆಯದು. ಅದರ ಕೊಂಬೆ ನೆಲದ ಮೇಲೆ ಬಳ್ಳಿಯಂತೆ ಹರಿಯುತ್ತದೆ, ಮಣ್ಣು ತಾಗಿದ ಕಡೆ ಬೇರು ಬಿಡುತ್ತದೆ. ಎಲೆ ಸಣ್ಣದು, ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ಜರ್ಮನಿಯ ವರ್ನರ್ ನೋವಾಕ್ 1988ರಲ್ಲಿ ತಂದ 'ಫ್ಲವರ್ ಕಾರ್ಪೆಟ್' ಈ ಗುಂಪಿನಲ್ಲಿ ತುಂಬ ಹೆಸರು ಮಾಡಿತು. ಎರಡರಿಂದ ಎರಡೂವರೆ ಅಡಿ ಎತ್ತರ, ಮೂರಡಿ ಅಗಲ. ಜರ್ಮನಿಯಲ್ಲಿ ಎಡಿಆರ್ ಅಂತ ಒಂದು ಪರೀಕ್ಷೆ ಇದೆ. ಬೇರೆ ಬೇರೆ ಊರಿನ ತೋಟಗಳಲ್ಲಿ ಮೂರು ವರ್ಷ ಬೆಳೆಸಿ ನೋಡುತ್ತಾರೆ. ಈಗಂತೂ ಅಷ್ಟು ದಿನವೂ ರೋಗಕ್ಕೆ ಔಷಧಿಯನ್ನೇ ಹೊಡೆಯುವುದಿಲ್ಲ. ಈ ಗಿಡಕ್ಕೆ ಆ ಮುದ್ರೆ ಸಿಕ್ಕಿದೆ. ಆದರೆ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ನಿಮ್ಮ ಗಾಳಿಬೀಡು ಅಷ್ಟನ್ನು ಒಂದು ಜುಲೈಯಲ್ಲೇ ಮುಗಿಸುತ್ತದೆ.

'ನಾಕ್ ಔಟ್' ಅನ್ನುವುದನ್ನೂ ಇದೇ ಲೆಕ್ಕಕ್ಕೆ ಸೇರಿಸಿ ಮಾರುತ್ತಾರೆ. ಅದು ಅಮೆರಿಕದ್ದು, 2000ದಲ್ಲಿ ಮಾರುಕಟ್ಟೆಗೆ ಬಂತು. ಅದು ಪೊದೆ, ಮೂರ್ನಾಲ್ಕು ಅಡಿ ನೆಟ್ಟಗೆ ಏಳುತ್ತದೆ. ಬರೆ ಮುಚ್ಚಲು ಅದು ಬೇಡ.

ಹಳೆಯದರಲ್ಲಿ 'ದಿ ಫೇರಿ' ಕೇಳಿ ನೋಡಿ. 1932ರ ಜಾತಿ. ಗೊಂಚಲು ಗೊಂಚಲು ತಿಳಿ ಗುಲಾಬಿ ಹೂವು, ಗಿಡ ಬಾಗಿ ಹರಡುತ್ತದೆ. ವಾಸನೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಇನ್ನೊಂದು ಮಾತು. ನೀರು ನಿಂತ ಜಾಗದಲ್ಲೂ ಬದುಕುವ ಗುಲಾಬಿ ನಮ್ಮ ದೇಶದಲ್ಲೇ ಇದೆ. ಅದರ ಹೆಸರು ಕ್ಲಿನೋಫಿಲ್ಲಾ. ಪ್ರವಾಹ ಬರುವ ನದಿ ದಂಡೆಯಲ್ಲಿ ಬೆಳೆಯುತ್ತದೆ. ಐಎಎಸ್ ಕೆಲಸ ಬಿಟ್ಟು ಕೊಡೈಕೆನಾಲಿನಲ್ಲಿ ಗುಲಾಬಿ ತಳಿ ಬೆಳೆಸಿದ ಎಂ. ಎಸ್. ವೀರರಾಘವನ್ ಅದನ್ನು ಬಳಸಿಯೇ ನಮ್ಮ ಸೆಕೆಗೆ ಒಗ್ಗುವ ತಳಿ ಮಾಡಿದರು. ಯುರೋಪಿನ ಹೆಸರುಗಳ ಹಿಂದೆ ಬೀಳುವ ಮುಂಚೆ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಅನ್ನಿಸುತ್ತದೆ.

ಗೋಣಿಕೊಪ್ಪ ನರ್ಸರಿ ಹುಡುಗ · ಮೇ 13

ಸರ್ ಹೇಳಿದ ಹೆಸರು ಹಿಡಿದು ನರ್ಸರಿಗೆ ಬಂದರೆ ನಾವು ಬೆಪ್ಪಾಗಿ ನೋಡುತ್ತೇವೆ. ನಮ್ಮಲ್ಲಿ ಬಟನ್, ಮಿನಿಯೇಚರ್, ಗೊಂಚಲು ಗುಲಾಬಿ, ಇಷ್ಟೇ ಭಾಷೆ. ಹೆಸರು ಕೇಳಬೇಡಿ, ಗಿಡ ನೋಡಿ. ಬುಡದಿಂದಲೇ ನಾಲ್ಕೈದು ಕೊಂಬೆ ಹೊರಟಿರಬೇಕು. ಕೊಂಬೆ ಪಕ್ಕಕ್ಕೆ ಬಾಗಿರಬೇಕು. ಎಲೆ ಸಣ್ಣದಾಗಿ, ದಪ್ಪವಾಗಿ, ಮಿನುಗುತ್ತಿರಬೇಕು. ಮುಖ್ಯವಾಗಿ ಆಗಸ್ಟ್ ತಿಂಗಳಲ್ಲಿ ನರ್ಸರಿಗೆ ಬನ್ನಿ. ಆಗ ಯಾವ ಗಿಡದಲ್ಲಿ ಎಲೆ ಉಳಿದಿದೆಯೋ ಅದೇ ನಿಮ್ಮ ಗಿಡ. ಜನವರಿಯಲ್ಲಿ ಬಂದರೆ ಎಲ್ಲಾ ಗಿಡವೂ ಮದುವಣಗಿತ್ತಿಯೇ.

ಇನ್ನೊಂದು. ಬರೆಗೆ ಕಸಿ ಗಿಡ ಬೇಡ, ಕಡ್ಡಿಯಿಂದ ಬೇರು ಬರಿಸಿದ ಗಿಡ ತಗೊಳ್ಳಿ. ಕಸಿ ಗಿಡದಲ್ಲಿ ಬುಡದಿಂದ ಕಾಡು ಚಿಗುರು ಬರುತ್ತದೆ. ಒಂಟಿ ಗಿಡ ಆದರೆ ಕಣ್ಣಿಗೆ ಬೀಳುತ್ತದೆ. ಹರಡಿದ ಗಿಡದ ಒಳಗೆ ಗೊತ್ತೇ ಆಗುವುದಿಲ್ಲ. ಎರಡು ವರ್ಷದಲ್ಲಿ ಅದೇ ಯಜಮಾನ ಆಗುತ್ತದೆ.

ಸೋಮವಾರಪೇಟೆ ಅಕ್ಕ · ಮೇ 13

ಕಾಡು ಚಿಗುರಿನ ಕಥೆ ನನ್ನಿಂದ ಕೇಳಿ. ಐದು ಎಲೆ ಇದ್ದರೆ ಒಳ್ಳೆಯ ಗುಲಾಬಿ, ಏಳು ಎಲೆ ಇದ್ದರೆ ಕಾಡು ಗುಲಾಬಿ ಅಂತ ಅಮ್ಮ ಹೇಳುತ್ತಿದ್ದರು. ನಾನು ಹಾಗೇ ನಂಬಿದ್ದೆ. ನನ್ನ ತಂಗಿ ಊಟಿಯಿಂದ ತಂದ ಹರಡುವ ಗುಲಾಬಿ ಎರಡನೇ ವರ್ಷ ಜೋರಾಗಿ ಚಿಗುರಿತು. ನೋಡಿದರೆ ಒಂದೊಂದು ತೊಟ್ಟಿಗೂ ಏಳು ಎಲೆ, ಕೆಲವದಕ್ಕೆ ಒಂಬತ್ತು! ಅಯ್ಯೋ ಕಾಡು ಹತ್ತಿತು ಅಂತ ಕತ್ತರಿ ತಗೊಂಡು ಕೂತೆ. ಸಂಜೆಗೆ ಗಿಡವೇ ಇರಲಿಲ್ಲ. ಮೂರು ಕಡ್ಡಿ ಉಳಿದಿತ್ತು.

ಆಮೇಲೆ ಗೊತ್ತಾಯಿತು, ಈ ಜಾತಿಗೇ ಏಳು ಒಂಬತ್ತು ಎಲೆ ಸಹಜ ಅಂತೆ. ಎಲೆ ಎಣಿಸಬೇಡಿ. ಬುಡದ ಮಣ್ಣು ಬೆರಳಲ್ಲಿ ಕೆದಕಿ ನೋಡಿ. ಕಸಿ ಗಂಟಿನ ಕೆಳಗಿಂದ ಬಂದಿದ್ದರೆ ಮಾತ್ರ ಕಿತ್ತುಹಾಕಿ. ತಂಗಿಗೆ ಇನ್ನೂ ಹೇಳಿಲ್ಲ. ಹಸು ತಿಂತು ಅಂದಿದ್ದೇನೆ.

ಸುಂಟಿಕೊಪ್ಪದ ಕಾಫಿಗ · ಮೇ 13

ನಿನ್ನೆ ಬರೆಯುತ್ತೇನೆ ಅಂದಿದ್ದೆ. ಕರೆಂಟ್ ಹೋಯಿತು.

ಮೊದಲು ಬರೆಯ ವಿಷಯ. ಗುಲಾಬಿ ಬರೆಯನ್ನು ಹಿಡಿಯುವುದಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದ ನಮಗೆ ಯಾರೂ ಬೇರೆ ಹೇಳಬೇಕಾಗಿಲ್ಲ. ನಿಮ್ಮ ಬರೆ ನಾಲ್ಕೈದು ಅಡಿ ಅಂದಿರಿ, ಆ ಕಾರಣಕ್ಕೆ ಮಾತಾಡುತ್ತಿದ್ದೇನೆ. ಮನೆ ಹಿಂದೆ ಕಡಿದ ಎತ್ತರದ ಬರೆ ಆಗಿದ್ದರೆ ಗುಲಾಬಿ ಮಾತೇ ಎತ್ತುತ್ತಿರಲಿಲ್ಲ, ಇಂಜಿನಿಯರ್ ಕರೆಸಿ ಅನ್ನುತ್ತಿದ್ದೆ.

ಮಣ್ಣು ಹಿಡಿಯಲು ಲಾವಂಚ ಹಾಕಿ. ಅದರ ಬೇರು ನೇರ ಕೆಳಗೆ ಹತ್ತಡಿಯವರೆಗೂ ಇಳಿಯುತ್ತದೆ. ಈ ಜೂನ್ ಮೊದಲ ಮಳೆಗೆ ಬರೆಗೆ ಅಡ್ಡಲಾಗಿ ಎರಡು ಸಾಲು, ನಾಲ್ಕೈದು ಇಂಚಿಗೊಂದು ಸಸಿ. ಬರೆಯ ತಲೆಯ ಮೇಲೆ ಒಂದು ಸಣ್ಣ ಚರಂಡಿ ಎಳೆದು ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ. ಈ ವರ್ಷ ಇಷ್ಟೇ ಕೆಲಸ.

ಗುಲಾಬಿಯನ್ನು ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ನೆಡಿ. ನಮ್ಮವರಿಗೆ ಮಳೆ ಬಂತು ಅಂದರೆ ಎಲ್ಲಾ ನೆಡುವ ಚಟ. ಕಾಫಿಗೆ, ಮೆಣಸಿಗೆ ಅದು ಸರಿ. ಗುಲಾಬಿ ಜೂನ್‌ನಲ್ಲಿ ನೆಟ್ಟರೆ ಬೇರು ಊರುವ ಮುಂಚೆ ಕಕ್ಕಡ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆ ತಿಂಗಳು ಬರುತ್ತದೆ, ಬುಡ ಕೊಳೆಯುತ್ತದೆ.

ಈಗ ಕಳೆ. ಗುಲಾಬಿ ಕಳೆ ಮುಚ್ಚುತ್ತದೆ ಅನ್ನುವುದು ಅರ್ಧ ಸುಳ್ಳು. ಮೂರನೇ ವರ್ಷದಿಂದ ಮುಚ್ಚುತ್ತದೆ. ಅಲ್ಲಿಯವರೆಗೆ ಗಿಡದ ನಡುವೆ ಹುಲ್ಲು ಏಳುತ್ತದೆ. ಮುಳ್ಳಿನ ನಡುವೆ ಕೈ ಹಾಕಿ ಗರಿಕೆ ಕೀಳುವುದು ಅಂದರೆ ಏನು ಅಂತ ಒಮ್ಮೆ ಮಾಡಿ ನೋಡಿ. ಮುಂಗೈ ಪೂರ್ತಿ ಗೀರು. ಕಳೆ ಮಿಷನ್ ಓಡಿಸುವ ಹಾಗೂ ಇಲ್ಲ, ಗಿಡವನ್ನೇ ಕೊಚ್ಚುತ್ತದೆ.

ನಾನು ಮಾಡಿದ್ದು ಹೀಗೆ. ಕಾಫಿ ತುಂಬುವ ಹಳೇ ಗೋಣಿ ಚೀಲ ಇರುತ್ತಲ್ಲ, ಸೆಣಬಿನದು, ಪ್ಲಾಸ್ಟಿಕ್‌ದಲ್ಲ. ಅದರ ಹೊಲಿಗೆ ಬಿಚ್ಚಿ ಅಗಲ ಮಾಡಿದೆ. ಕಳೆಯನ್ನು ಬೇರು ಸಮೇತ ಕೆತ್ತಿಸಿ, ಗೋಣಿಯನ್ನು ಎರಡು ಪದರ ಹಾಸಿದೆ. ಮೇಲಿನ ಚೀಲದ ಅಂಚು ಕೆಳಗಿನ ಚೀಲದ ಮೇಲೆ ಒಂದು ಗೇಣು ಬರಬೇಕು, ಮಾಡಿಗೆ ಹಂಚು ಹಾಸಿದ ಹಾಗೆ. ಇಲ್ಲದಿದ್ದರೆ ನೀರು ಸಂದಿಯಲ್ಲಿ ನುಗ್ಗಿ ಚೀಲವನ್ನೇ ಎತ್ತಿಕೊಂಡು ಹೋಗುತ್ತದೆ. ಕಿತ್ತ ಹಳೇ ಕಾಫಿ ಗಿಡದ ಕೊಂಬೆ ಕಡಿದು, ಕವಲು ಬಿಟ್ಟು ಒಂದಡಿ ಗೂಟ ಮಾಡಿ ಹೊಡೆದೆ. ಗೋಣಿಯನ್ನು ಅಡ್ಡ ಉದ್ದ ಸೀಳಿ ಆ ಸೀಳಿನಲ್ಲಿ ಗಿಡ ನೆಟ್ಟೆ. ಎರಡೂವರೆ ಅಡಿಗೊಂದು ಗಿಡ. ಮೇಲಿಂದ ಕಾಫಿ ಸಿಪ್ಪೆ ತೆಳ್ಳಗೆ. ಸಿಪ್ಪೆ ಒಂದು ವರ್ಷ ಕಳಿತದ್ದಾಗಿರಬೇಕು. ಹಸಿ ಸಿಪ್ಪೆ ಕಾವು ಏರಿ ಬುಡ ಸುಡುತ್ತದೆ. ಗೋಣಿ ಒಂದು ವರ್ಷ, ಒಂದೂವರೆ ವರ್ಷ ತಾಳುತ್ತದೆ. ಅಷ್ಟು ಹೊತ್ತಿಗೆ ಗಿಡ ಮುಕ್ಕಾಲು ಭಾಗ ಮುಚ್ಚಿರುತ್ತದೆ.

ಗುಂಡಿ ಒಂದೂವರೆ ಅಡಿ. ನಮ್ಮ ಮಣ್ಣು ಹುಳಿ, ಗುಲಾಬಿಗೆ ಆರರಿಂದ ಆರೂವರೆ ಪಿಎಚ್ ಸಾಕು. ಕಾಫಿಗೆ ಹಾಕುವ ಕೃಷಿ ಸುಣ್ಣ ಒಂದು ಹಿಡಿ ಗುಂಡಿಗೆ ಕಲಸಿ, ಎರಡು ವಾರ ಬಿಟ್ಟು ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಸುರಿಯಬೇಡಿ.

ಗಾಳಿಬೀಡು ಅಂಗಳ · ಮೇ 14

ಅಣ್ಣ, ಇಷ್ಟೊಂದು ವಿವರ! ಪ್ರಿಂಟ್ ತೆಗೆಸಿ ಅಡುಗೆಮನೆಯಲ್ಲಿ ಅಂಟಿಸಿದ್ದೇನೆ.

ಎರಡು ಪ್ರಶ್ನೆ. ಬರೆಯ ಅರ್ಧಕ್ಕೆ ಸಿಲ್ವರ್ ಓಕ್ ನೆರಳು ಇದೆ, ಪರವಾಗಿಲ್ವಾ? ಇನ್ನೊಂದು, ನಮ್ಮವರು ಹೇಳುತ್ತಿದ್ದಾರೆ, ನೆಲ ಮುಚ್ಚಿದರೆ ಹಾವು ಸೇರಿಕೊಳ್ಳುತ್ತದೆ ಅಂತ.

ಕಕ್ಕಡ ಮಳೆ · ಮೇ 14

ನಿಮ್ಮವರು ಸರಿಯಾಗಿ ಹೇಳಿದ್ದಾರೆ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಗುಲಾಬಿ ಪೊದೆಯ ಕೆಳಗೆ ಮಂಡಲದ ಹಾವು ಸಿಕ್ಕಿತ್ತು. ಇದು ಜೋಕ್ ಅಲ್ಲ.

ಸುಂಟಿಕೊಪ್ಪದ ಕಾಫಿಗ · ಮೇ 14

ಹಾವಿಗೆ ಗುಲಾಬಿಯೂ ಒಂದೇ, ಕಾಡೂ ಒಂದೇ. ಈಗ ಎದೆಮಟ್ಟ ಹುಲ್ಲಿನಲ್ಲಿ ಇಲ್ಲವಾ? ಆದರೆ ಹುಷಾರಾಗಿರಬೇಕು. ನಡೆಯುವ ದಾರಿಯಿಂದ ಎರಡಡಿ, ಮನೆ ಗೋಡೆಯಿಂದ ಮೂರಡಿ ಖಾಲಿ ಬಿಡಿ. ಕತ್ತರಿಸುವ ಮುಂಚೆ ಉದ್ದ ಕೋಲಿನಲ್ಲಿ ಬಡಿಯಿರಿ. ಗಂಬೂಟ್ ಹಾಕದೆ ಇಳಿಯಬೇಡಿ.

ನೆರಳಿನಲ್ಲಿ ಬೇಡ. ಆರು ಗಂಟೆ ಬಿಸಿಲು ಬೇಕು. ಅದೂ ಬೆಳಗಿನ ಬಿಸಿಲು, ಎಲೆಯ ಇಬ್ಬನಿ ಬೇಗ ಒಣಗಲಿ. ನೆರಳಿನ ಅರ್ಧಕ್ಕೆ ಜರಿ ಗಿಡ ಬಿಟ್ಟುಬಿಡಿ. ಹೇಗೂ ತಾನಾಗಿ ಬರುತ್ತದೆ.

ಸೋಮವಾರಪೇಟೆ ಅಕ್ಕ · ಮೇ 15

ಕತ್ತರಿಸುವುದು ಯಾವಾಗ ಅಂತ ಯಾರೂ ಹೇಳಲಿಲ್ಲ. ನಾನು ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಕತ್ತರಿಸುತ್ತೇನೆ. ಮಳೆ ಬಂದ ಕೂಡಲೇ ಚಿಗುರಲಿ ಅಂತ.

ಸುಂಟಿಕೊಪ್ಪದ ಕಾಫಿಗ · ಮೇ 15

ತಪ್ಪು ಅಕ್ಕ. ಆ ಎಳೆ ಚಿಗುರನ್ನು ಮೊದಲು ಸಂಜೆ ಹಾರುವ ಕಂದು ದುಂಬಿ ತಿನ್ನುತ್ತದೆ. ಉಳಿದದ್ದನ್ನು ಕಪ್ಪು ಚುಕ್ಕೆ ತಿನ್ನುತ್ತದೆ. ನಾನು ಕಾವೇರಿ ಸಂಕ್ರಮಣ ಕಳೆದ ಮೇಲೆಯೇ ಕತ್ತರಿ ಹಿಡಿಯುವುದು. ಅಂದರೆ ಅಕ್ಟೋಬರ್ 17ರ ನಂತರ. ಮೂರನೇ ಒಂದು ಭಾಗ ಒಟ್ಟಿಗೆ ಕತ್ತರಿಸುತ್ತೇನೆ, ಬೇಲಿ ಕತ್ತರಿಸುವ ದೊಡ್ಡ ಕತ್ತರಿಯಲ್ಲೇ. ಈ ಜಾತಿಗೆ ಕಣ್ಣು ನೋಡಿ, ಓರೆ ನೋಡಿ ಕತ್ತರಿಸುವ ನಾಜೂಕು ಬೇಡ. ಕಾಫಿ ಕವಾತಿನ ಕಾಲು ಭಾಗ ಬುದ್ಧಿ ಸಾಕು. ಅಲ್ಲಿಂದ 45 ದಿನ ಎಣಿಸಿ. ಹುತ್ತರಿ ಹಬ್ಬದ ಆಸುಪಾಸಿಗೆ ಹೂವು.

ಕಪ್ಪಾಗಿ ಒಣಗಿದ ತುದಿ ಇದ್ದರೆ ಹಸಿರು ಸಿಗುವವರೆಗೆ, ಇನ್ನೆರಡು ಇಂಚು ಕೆಳಗೆ ಕತ್ತರಿಸಿ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣ ಕಲಸಿದ್ದು) ಹಚ್ಚಿ. ಉದುರಿದ ಎಲೆ ಗುಡಿಸಿ ಸುಡಿ. ಮೆಣಸಿಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಗುಲಾಬಿಯ ಎಳೆ ಎಲೆಗೆ ಹೊಡೆಯಬೇಡಿ. ಎಲ್ಲರೂ ಮಾಡುವ ತಪ್ಪು, ಎಲೆ ಸುಟ್ಟು ಹೋಗುತ್ತದೆ.

ಕುಶಾಲನಗರ ಟೆರೇಸ್ · ಮೇ 15

ನಮ್ಮಲ್ಲಿ ಚುಕ್ಕೆ ಇಲ್ಲ, ಆದರೆ ಜನವರಿಯಲ್ಲಿ ಎಲೆ ಮೇಲೆ ಬೂದಿ ಬರುತ್ತದೆ. ಹಗಲು ಒಣ, ರಾತ್ರಿ ಚಳಿ, ಅದಕ್ಕೆ ಅಂತೆ. ಸುಮ್ನೆ ಬಿಡುತ್ತೇನೆ, ಸೆಕೆ ಬಂದರೆ ತಾನಾಗಿ ಹೋಗುತ್ತದೆ. ನೋಡಿ, ನಮಗೂ ಒಂದು ರೋಗ ಇದೆ!

ಗಾಳಿಬೀಡು ಅಂಗಳ · ಡಿಸೆಂಬರ್ 4, ಮರುವರ್ಷ

ಯಾರಾದರೂ ಇನ್ನೂ ಇಲ್ಲಿ ಇದ್ದೀರಾ? ವರದಿ ಒಪ್ಪಿಸಲು ಬಂದೆ.

ಹೋದ ವರ್ಷ ಜೂನ್‌ನಲ್ಲಿ ಲಾವಂಚ ಹಾಕಿದೆ. ಆಗಸ್ಟ್‌ನಲ್ಲಿ ಜಿಗಣೆ ಕಚ್ಚಿಸಿಕೊಂಡು ಮೂರು ನರ್ಸರಿ ತಿರುಗಿದೆ. ನರ್ಸರಿ ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ. ಬಣ್ಣದ ಫೋಟೋ ಕಟ್ಟಿದ್ದ ಗಿಡಗಳೆಲ್ಲಾ ಬರೀ ಕಡ್ಡಿ. ಮೂಲೆಯಲ್ಲಿ ಹೆಸರಿಲ್ಲದ ಒಂದು ಗೊಂಚಲು ಗುಲಾಬಿ ಮಾತ್ರ ಮೈ ತುಂಬ ಎಲೆ ಹೊತ್ತು ನಿಂತಿತ್ತು. ಅದರಲ್ಲೇ 16 ಗಿಡ ಹೇಳಿಟ್ಟು ಬಂದೆ. ಅಕ್ಟೋಬರ್‌ನಲ್ಲಿ ಗೋಣಿ ಹಾಸಿ ಬಿಸಿಲಿನ ಭಾಗಕ್ಕೆ ಮಾತ್ರ ನೆಟ್ಟೆ.

ಮೂರನೇ ದಿನ ಬೆಳಿಗ್ಗೆ ನೋಡಿದರೆ ಐದು ಗಿಡ ದಾರಿಯಲ್ಲಿ ಬಿದ್ದಿವೆ! ಕಾಡುಹಂದಿ ಅಂದುಕೊಂಡೆ. ಅಲ್ಲ, ನಮ್ಮ ನಾಯಿ. ಗುಂಡಿಗೆ ಎಲುಬಿನ ಪುಡಿ ಹಾಕಿದ್ದೆ ನೋಡಿ, ಕೆಳಗೆ ಮೂಳೆ ಹೂತಿದ್ದಾರೆ ಅಂತ ಅದು ಒಂದೊಂದೇ ಗುಂಡಿ ತಪಾಸಣೆ ಮಾಡಿದೆ. ಮೂತಿ ಪೂರ್ತಿ ಕೆಮ್ಮಣ್ಣು, ಮುಖದಲ್ಲಿ ಒಂಚೂರೂ ನಾಚಿಕೆ ಇಲ್ಲ. ಮೂರು ಗಿಡ ಮತ್ತೆ ನೆಟ್ಟರೆ ಬದುಕಿತು, ಎರಡು ಹೋಯಿತು. ಆಮೇಲೆ ಬೇಸಿಗೆಯಲ್ಲಿ ನಾನು ವಾರಕ್ಕೆರಡು ಸಲ ನೀರು ಬಿಟ್ಟೆ. ಮದುವೆಗೆ ಅಂತ ಹತ್ತು ದಿನ ಊರಲ್ಲಿ ಇರದಾಗ ಇನ್ನೊಂದು ಒಣಗಿತು.

ಈ ಮಳೆಗಾಲದಲ್ಲಿ ಅರ್ಧಕ್ಕರ್ಧ ಎಲೆ ಉದುರಿತು. ಜುಲೈ ಕೊನೆಗೆ ನೋಡಿ ಅಳು ಬಂತು. ಕಾಫಿಗ ಅಣ್ಣನಿಗೆ ಮೆಸೇಜ್ ಮಾಡಿದರೆ "ಮುಟ್ಟಬೇಡಿ, ಸೆಪ್ಟೆಂಬರ್‌ವರೆಗೆ ಆ ಕಡೆ ನೋಡಲೂ ಬೇಡಿ" ಅಂದರು. ನೋಡಲಿಲ್ಲ. ಸೆಪ್ಟೆಂಬರ್ ಮೊದಲಿಗೆ, ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಬುಡದಿಂದ ಕೆಂಪು ಚಿಗುರು.

ಕಳೆ ಪೂರ್ತಿ ಹೋಗಿಲ್ಲ. ಗೋಣಿ ಹರಿದ ಕಡೆ ಮುಟ್ಟಿದರೆ ಮುನಿ ಎದ್ದಿದೆ. ಮುಳ್ಳಿಗೆ ಮುಳ್ಳು ಸೇರಿ ಕೈ ಹಾಕುವ ಹಾಗಿಲ್ಲ. ಉದ್ದ ಹಿಡಿಯ ಕತ್ತಿಯಲ್ಲಿ ಬುಡಕ್ಕೆ ಕುಯ್ಯುತ್ತೇನೆ. ಆದರೆ ಈ ವರ್ಷ ಮಿಷನ್ ಹುಡುಗರನ್ನು ಒಂದೇ ಸಲ ಕರೆಸಿದ್ದು, ಅದೂ ನೆರಳಿನ ಅರ್ಧಕ್ಕೆ.

ಇವತ್ತು 13 ಗಿಡದಲ್ಲಿ 11ರಲ್ಲಿ ಹೂವು ಇದೆ. ತಿಳಿ ಗುಲಾಬಿ, ಒಂದೊಂದು ಒಂದು ರೂಪಾಯಿ ನಾಣ್ಯದಷ್ಟು. ಮೂರು ಕೊಂಬೆ ನೆಲಕ್ಕೆ ತಾಗಿದ ಕಡೆ ತಾವೇ ಬೇರು ಬಿಟ್ಟಿವೆ. ಎಳೆದು ನೋಡಿದೆ, ಬರಲಿಲ್ಲ.

ಗೋಣಿಕೊಪ್ಪ ನರ್ಸರಿ ಹುಡುಗ · ಡಿಸೆಂಬರ್ 4

ಆ ಬೇರು ಬಿಟ್ಟ ಕೊಂಬೆಯನ್ನು ತಾಯಿ ಗಿಡದ ಕಡೆ ಈಗ ಕತ್ತರಿಸಿ ಬಿಡಿ ಅಕ್ಕ. ಒಂದು ತಿಂಗಳು ಅಲ್ಲೇ ಇರಲಿ. ಆಮೇಲೆ ಮಣ್ಣು ಸಮೇತ ಎತ್ತಿ ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ. ಸತ್ತ ಮೂರು ಗಿಡದ ಜಾಗಕ್ಕೆ ಸರಿಯಾಗಿ ಮೂರು.

ಸೋಮವಾರಪೇಟೆ ಅಕ್ಕ · ಡಿಸೆಂಬರ್ 5

ಮೂರರಲ್ಲಿ ಒಂದು ನನಗೆ ಕೊಡಿ. ತಂಗಿ ಹುತ್ತರಿಗೆ ಬರುತ್ತಾಳೆ, ಗಿಡ ಎಲ್ಲಿ ಅಂತ ಕೇಳುತ್ತಾಳೆ.

ಕಕ್ಕಡ ಮಳೆ · ಡಿಸೆಂಬರ್ 5

ಹಸು ವಾಪಸ್ ಉಗುಳಿತು ಅನ್ನಿ.